ನೀರಿನ ಲ್ಯಾಬಿನಿಂದ: ಮೂರು ದಿನದ ಸೀಸೆ, ಸಾಕಿದ ಕೆಸರು

ಹೋದ ತಿಂಗಳು ‘ನೀರಿನ ರಿಪೋರ್ಟಿನಲ್ಲಿ ಅರ್ಥವಾಗದ ಪದ ಕಂಡರೆ ಬರೆದು ಕಳಿಸಿ’ ಎಂದಿದ್ದೆ. ಪತ್ರಗಳು ಒಂದು ಕೈಚೀಲ ತುಂಬಿವೆ. ಏಳಕ್ಕೆ ಮಾತ್ರ ಇಲ್ಲಿ ಜಾಗ ಸಿಕ್ಕಿದೆ. ನಾನು ಇಪ್ಪತ್ತೊಂಬತ್ತು ವರ್ಷ ದಾವಣಗೆರೆಯಲ್ಲಿ ನೀರಿನ ಲ್ಯಾಬಿನಲ್ಲಿ ಸೀಸೆ ತೊಳೆದು, ಬ್ಯುರೆಟ್ ಹಿಡಿದು ರಿಟೈರ್ ಆದವಳು. ಯಾವುದೇ ಪದ ಕೇಳಿದರೂ ನನಗೆ ಮೊದಲು ನೆನಪಾಗುವುದು ಅದನ್ನು ಅಳೆದ ಪಾತ್ರೆ. ವ್ಯಾಖ್ಯೆ ಆಮೇಲೆ. ಉತ್ತರಗಳೂ ಹಾಗೇ ಇವೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಬಿಒಡಿ ಪರೀಕ್ಷೆಗೆ ಸೀಸೆಯನ್ನು 20 ಡಿಗ್ರಿಯಲ್ಲಿ 5 ದಿನ ಇಡಬೇಕು ಎಂದು ಒಂದು ಪುಸ್ತಕದಲ್ಲಿದೆ. ಪ್ರಾಕ್ಟಿಕಲ್‌ನಲ್ಲಿ 27 ಡಿಗ್ರಿ, 3 ದಿನ ಅಂತಾರೆ. ಯಾವುದು ಸರಿ? ಸಿಒಡಿ ಎರಡೇ ಗಂಟೆಯಲ್ಲಿ ಸಿಗುವಾಗ ಬಿಒಡಿಗೆ ಇಷ್ಟು ದಿನ ಕಾಯುವುದೇಕೆ?
— ವಿದ್ಯಾನಗರ, ದಾವಣಗೆರೆ

ತಮ್ಮಾ, ಎರಡೂ ಸರಿ. ಆದರೆ ಮೊದಲು ಒಂದು ವಿಷಯ. ಬಿಒಡಿ (ಬಯೋಕೆಮಿಕಲ್ ಆಕ್ಸಿಜನ್ ಡಿಮಾಂಡ್) ಅನ್ನುವುದು ನೀರಿನಲ್ಲಿರುವ ಪದಾರ್ಥದ ಹೆಸರಲ್ಲ. ಉಪ್ಪು, ಸುಣ್ಣದ ಹಾಗೆ ಅದನ್ನು ಸೋಸಿ ತೆಗೆದು ತೋರಿಸಲು ಬರುವುದಿಲ್ಲ. ಕೊಳಚೆಯಲ್ಲಿರುವ ಅನ್ನದಗುಳು, ಸೋಪು, ಮಲ ಇವನ್ನೆಲ್ಲ ತಿನ್ನುವಾಗ ಬ್ಯಾಕ್ಟೀರಿಯಾಗಳು ಎಷ್ಟು ಆಮ್ಲಜನಕ ಖರ್ಚು ಮಾಡಿದವು ಎನ್ನುವ ಲೆಕ್ಕ ಅದು. ದಾಸೋಹದಲ್ಲಿ ಎಷ್ಟು ಜನ ಉಂಡರು ಎಂದು ಯಾರೂ ತಲೆ ಎಣಿಸುವುದಿಲ್ಲ. ಖಾಲಿಯಾದ ಅಕ್ಕಿ ಚೀಲ ಎಣಿಸುತ್ತಾರೆ. ಬಿಒಡಿ ಆ ಖಾಲಿ ಚೀಲ.

ಎಣಿಸುವುದು ಹೀಗೆ. 300 ಮಿಲಿಲೀಟರ್ ಹಿಡಿಯುವ ಗಾಜಿನ ಸೀಸೆ, ಉಜ್ಜಿ ಕೂರಿಸಿದ ಗಾಜಿನ ಮುಚ್ಚಳ. ಒಳಗೆ ಒಂದು ಗುಳ್ಳೆ ಗಾಳಿಯೂ ಇರಬಾರದು. ಮೊದಲ ದಿನದ ಆಮ್ಲಜನಕ, ಕೊನೆಯ ದಿನದ ಆಮ್ಲಜನಕ, ಕಳೆದರೆ ಉತ್ತರ. ನಮ್ಮ ಕಡೆಯ ಸೆಕೆಗೆ ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕ ಏಳೆಂಟು ಮಿಲಿಗ್ರಾಂ, ಅಷ್ಟೆ. ಮನೆಗಳ ಕೊಳಚೆ ನೀರು ಕೇಳುವುದು 200, 250 ಮಿಲಿಗ್ರಾಂ. ಅದಕ್ಕೇ ಕೊಳಚೆಯನ್ನು ಶುದ್ಧ ನೀರಿನಲ್ಲಿ ಹತ್ತಾರು ಪಟ್ಟು ತೆಳುವಾಗಿಸಿ, ಆಮೇಲೆ ಗುಣಿಸುತ್ತೇವೆ.

ಈಗ ದಿನಗಳ ವಿಷಯ. ಬ್ರಿಟನ್ನಿನಲ್ಲಿ 1898ರಲ್ಲಿ ಕೊಳಚೆ ವಿಲೇವಾರಿ ಬಗ್ಗೆ ಒಂದು ರಾಯಲ್ ಕಮಿಷನ್ ನೇಮಿಸಿದರು. ಅದರ 1912ರ ಎಂಟನೇ ವರದಿಯಲ್ಲಿ, ನದಿಗೆ ಬಿಡುವ ನೀರಿನ ಬಿಒಡಿ 20, ತೇಲುವ ಕಣ 30 ಮಿಲಿಗ್ರಾಂ ದಾಟಬಾರದು ಎಂಬ ಅಳತೆ ಬಂತು. ಐದು ದಿನದ ಪರೀಕ್ಷೆಯ ಬೇರು ಅಲ್ಲಿದೆ. ಆ ದೇಶದ ಯಾವ ನದಿಯ ನೀರೂ ಸಮುದ್ರ ಸೇರಲು ಐದು ದಿನಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಐದು ಎಂದು ಪಾಠ ಮಾಡುವವರು ಹೇಳುತ್ತಾರೆ. ನಮ್ಮ ತುಂಗಭದ್ರೆ ಹರಿಹರ ದಾಟಿ, ಹೊಸಪೇಟೆಯ ಡ್ಯಾಮಿನಲ್ಲಿ ನಿಂತು, ಕೃಷ್ಣೆ ಸೇರಿ ಬಂಗಾಳ ಕೊಲ್ಲಿ ಕಾಣುವಷ್ಟರಲ್ಲಿ ಐದು ದಿನ ಎಲ್ಲಿಯ ಲೆಕ್ಕ!

20 ಡಿಗ್ರಿಯಲ್ಲಿ ಐದು ದಿನಕ್ಕೆ ಆಗುವ ಕೆಲಸ 27 ಡಿಗ್ರಿಯಲ್ಲಿ ಸುಮಾರು ಮೂರು ದಿನಕ್ಕೆ ಆಗುತ್ತದೆ. ಬೆಣ್ಣೆದೋಸೆ ಊರಿನವನು ನೀನು, ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ರುಬ್ಬಿಟ್ಟ ಹಿಟ್ಟು ಬೆಳಗಿನ ಹೊತ್ತಿಗೆ ಪಾತ್ರೆ ಬಿಟ್ಟು ಹೊರಗೆ ಬಂದಿರುತ್ತದೆ. ಡಿಸೆಂಬರ್‌ನಲ್ಲಿ ಅದೇ ಹಿಟ್ಟು ಮಧ್ಯಾಹ್ನವಾದರೂ ಏಳುವುದಿಲ್ಲ. ನಮ್ಮ ದೇಶದ ಮಾನಕದಲ್ಲಿ 27 ಡಿಗ್ರಿ, 3 ದಿನ ಇಟ್ಟುಕೊಂಡದ್ದು ಜಾಣತನ. ಇಲ್ಲಿ 20 ಡಿಗ್ರಿ ಕಾಯ್ದುಕೊಳ್ಳಲು ಫ್ರಿಜ್ಜಿನ ಹಾಗೆ ತಂಪು ಮಾಡುವ ಯಂತ್ರ ದಿನವಿಡೀ ಓಡುತ್ತಿರಬೇಕು.

ಓಡದಿದ್ದರೆ ಏನಾಗುತ್ತದೆ ಎಂದು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿತೆ. ಶುಕ್ರವಾರ ಹದಿನಾರು ಸೀಸೆ ಇಟ್ಟು ಮನೆಗೆ ಹೋದೆ. ಶನಿವಾರ ಸಂಜೆ ಹೋದ ಕರೆಂಟ್ ಭಾನುವಾರ ಮಧ್ಯಾಹ್ನ ಬಂತಂತೆ. ಸೋಮವಾರ ಸೀಸೆ ತೆಗೆದು ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಕ್ಷಾರ ಹಾಕಿ ಅಲ್ಲಾಡಿಸಿದೆ. ಒಳಗೆ ಆಮ್ಲಜನಕ ಉಳಿದಿದ್ದರೆ ಕಂದು ಗಸಿ ಬರಬೇಕು. ಒಂದಾದ ಮೇಲೊಂದು ಸೀಸೆಯಲ್ಲಿ ಬಂದದ್ದು ಹಾಲಿನ ಹಾಗೆ ಬೆಳ್ಳನೆ ಗಸಿ. ಅಕ್ಕಿ ಚೀಲ ಪೂರ್ತಿ ಖಾಲಿ. ಉಣ್ಣುವವರಿಗೆ ಇನ್ನೂ ಹಸಿವಿತ್ತೋ ಇಲ್ಲವೋ, ಇನ್ನು ಹೇಳುವವರು ಯಾರು? ಮೇಲಿನವರು ‘ಅಂದಾಜಿನ ಮೇಲೆ ಒಂದು ಸಂಖ್ಯೆ ಬರೆದುಬಿಡಮ್ಮಾ’ ಎಂದರು. ನಾನು ಬರೆಯಲಿಲ್ಲ. ಆ ತಿಂಗಳೆಲ್ಲ ನನ್ನ ಮೇಲೆ ಮುಖ ಗಂಟು.

ಸಿಒಡಿ (ಕೆಮಿಕಲ್ ಆಕ್ಸಿಜನ್ ಡಿಮಾಂಡ್) ಕೂಡ ಆಮ್ಲಜನಕದ ಲೆಕ್ಕವೇ, ಆದರೆ ಅದರಲ್ಲಿ ಬ್ಯಾಕ್ಟೀರಿಯಾದ ಹಂಗಿಲ್ಲ. ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಹಾಕಿ ಎರಡು ಗಂಟೆ ಕುದಿಸಿದರೆ ತಿನ್ನುವಂಥದ್ದು, ತಿನ್ನಲಾಗದ್ದು ಬಹುಪಾಲು ಎಲ್ಲವೂ ಸುಟ್ಟುಹೋಗುತ್ತದೆ. ಕಿತ್ತಳೆ ಬಣ್ಣ ಹಸಿರಿನ ಕಡೆ ತಿರುಗುತ್ತದೆ. ಅದಕ್ಕೇ ಸಿಒಡಿ ಬಿಒಡಿಗಿಂತ ದೊಡ್ಡದಾಗಿರುತ್ತದೆ. ಮನೆಗಳ ಕೊಳಚೆಯಲ್ಲಿ ಹೆಚ್ಚೂಕಡಿಮೆ ಎರಡರಷ್ಟು. ಬಿಒಡಿ 60, ಸಿಒಡಿ 600 ಅಂತ ಬಂದರೆ ಕಿವಿ ನೆಟ್ಟಗಾಗಬೇಕು. ಬ್ಯಾಕ್ಟೀರಿಯಾ ಬಾಯಿಗೆ ಹಿಡಿಸದ ಏನೋ ಆ ನೀರಿನಲ್ಲಿದೆ. ಬಣ್ಣವೋ, ಕಾರ್ಖಾನೆಯ ರಾಸಾಯನಿಕವೋ. ಈ ಅನುಪಾತಕ್ಕಾಗಿಯೇ ಎರಡೂ ಪರೀಕ್ಷೆ ಬೇಕು. ಇನ್ನೊಂದು ಮಾತು. ಸಿಒಡಿ ಪರೀಕ್ಷೆ ಮುಗಿದ ಮೇಲೆ ಉಳಿಯುವ ದ್ರವದಲ್ಲಿ ಪಾದರಸ, ಕ್ರೋಮಿಯಂ ಇರುತ್ತವೆ. ಕೊಳಚೆ ಅಳೆಯಲು ಹೋಗಿ ಕೊಳಚೆಗಿಂತ ಕೆಟ್ಟದ್ದನ್ನು ನಾವೇ ತಯಾರಿಸುತ್ತೇವೆ. ನಿಮ್ಮ ಕಾಲೇಜಿನಲ್ಲಿ ಅದನ್ನು ಸಿಂಕಿಗೆ ಸುರಿಯುತ್ತಾರಾ, ನೋಡು. ಸುರಿದರೆ ಜಗಳ ಮಾಡು.

ಪ್ರಶ್ನೆ: ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟರು. ‘ಆಕ್ಟಿವೇಟೆಡ್ ಸ್ಲಡ್ಜ್’ಗೆ ಒಂದು ಕಡೆ ‘ಕ್ರಿಯಾಶೀಲ ಹೂಳು’, ಇನ್ನೊಂದು ಕಡೆ ‘ಸಕ್ರಿಯ ಕೆಸರು’ ಎಂದು ಓದಿದೆ. ಮಕ್ಕಳಿಗೆ ಎರಡೂ ತಲೆಗೆ ಹತ್ತುತ್ತಿಲ್ಲ. ನೀವಾದರೆ ಏನನ್ನುತ್ತೀರಿ?
— ಹೊಳಲ್ಕೆರೆ

ಮೇಷ್ಟರೇ, ‘ಹೂಳು’ ಬೇಡವೇ ಬೇಡ. ಹೂಳು ಅಂದರೆ ಸೂಳೆಕೆರೆಯಲ್ಲಿ ತುಂಬುವುದು. ಮಳೆ ಗುಡ್ಡದಿಂದ ಕೊಚ್ಚಿ ತರುವ ಮಣ್ಣು. ಅದಕ್ಕೆ ಜೀವವಿಲ್ಲ. ಸ್ಲಡ್ಜ್ ಜೀವಂತ ಸರಕು. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಾಗಳ ಗುಂಪು, ಅವನ್ನು ಮೇಯುವ ಸಣ್ಣ ಜೀವಿಗಳು, ಒಳ್ಳೆ ಸಂತೆ ನೆರೆದ ಹಾಗಿರುತ್ತದೆ.

ಆ ಪದ ಹುಟ್ಟಿದ ಕತೆ ಹೇಳಿದರೆ ಮಕ್ಕಳಿಗೆ ಅರ್ಥವೂ ಆಗುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಊರು. ಡೇವಿಹಲ್ಮ್ ಎಂಬಲ್ಲಿ ಕೊಳಚೆ ಶುದ್ಧ ಮಾಡುವ ಘಟಕ. ಎಡ್ವರ್ಡ್ ಆರ್ಡರ್ನ್, ವಿಲಿಯಂ ಲಾಕೆಟ್ ಎಂಬ ಇಬ್ಬರು ಸೀಸೆಯಲ್ಲಿ ಕೊಳಚೆ ತುಂಬಿ ಗಾಳಿ ಊದುತ್ತಾ ಕೂತರು. ಮೊದಲ ಸಲ ನೀರು ಪೂರ್ತಿ ಹಸನಾಗಲು ಸುಮಾರು ಐದು ವಾರ ಹಿಡಿಯಿತು. ಐದು ವಾರ ಕಾದರೆ ಊರು ನಾರಿಹೋಗುತ್ತದೆ. ಆಮೇಲೆ ಅವರು ಮಾಡಿದ್ದು ಬಹಳ ಸಣ್ಣ ಕೆಲಸ. ಮೇಲಿನ ತಿಳಿ ಬಸಿದು, ತಳದ ಗಸಿಯನ್ನು ಎಸೆಯದೆ ಉಳಿಸಿಕೊಂಡು, ಅದರ ಮೇಲೇ ಹೊಸ ಕೊಳಚೆ ಸುರಿದರು. ಮತ್ತೆ ಗಾಳಿ ಊದಿದರು. ಮತ್ತೆ ಬಸಿದರು. ಹೀಗೆ ಮಾಡುತ್ತಾ ಹೋದ ಹಾಗೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. 1914ರ ಏಪ್ರಿಲ್‌ನಲ್ಲಿ ಇದನ್ನು ವಿಜ್ಞಾನಿಗಳ ಸಭೆಯಲ್ಲಿ ಹೇಳಿದರು. ಗಸಿಗೆ ಚುರುಕು ಬಂದಿದೆ ಎನ್ನುವ ಅರ್ಥದಲ್ಲಿ ‘ಆಕ್ಟಿವೇಟೆಡ್’ ಎಂದರು.

ಹೆಪ್ಪು ಹಾಕುವ ಯಾವ ಹೆಂಗಸಿಗೂ ಇದು ಹೊಸದಲ್ಲ ಅಲ್ವಾ? ನಾಳೆಯ ಹೆಪ್ಪಿಗೆ ಇವತ್ತಿನ ಮೊಸರು ಸ್ವಲ್ಪ ಎತ್ತಿಡುತ್ತೇವೆ. ಈಗಿನ ಘಟಕಗಳಲ್ಲೂ ಕೆಳಗೆ ಕೂತ ಕೆಸರನ್ನು ಪಂಪ್ ಮಾಡಿ ತೊಟ್ಟಿಗೆ ವಾಪಸ್ ಬಿಡುತ್ತಾರೆ. ಹೊಸ ಘಟಕ ಶುರು ಮಾಡುವಾಗ ಸಗಣಿ ಕದಡಿ ಹಾಕುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅಲ್ಲಿ ಕೆಲಸ ಮಾಡುವ ಹುಡುಗರು ಸ್ಲಡ್ಜ್ ಅನ್ನುವುದಕ್ಕಿಂತ ‘ಕಲ್ಚರ್’ ಅನ್ನುವುದೇ ಜಾಸ್ತಿ. ‘ಕಲ್ಚರ್ ಸತ್ತಿದೆ ಮೇಡಂ, ಬೇರೆ ಕಡೆಯಿಂದ ತರಿಸಬೇಕು’ ಅಂತಾರೆ.

ಹಾಗಾಗಿ ನಾನು ಮೊದಲು ‘ಹೆಪ್ಪುಗಸಿ’ ಅನ್ನೋಣವೇ ಎಂದು ಯೋಚಿಸಿದೆ. ಆದರೆ ಪಟಿಕ ಹಾಕಿ ಕಣಗಳನ್ನು ಒಟ್ಟುಗೂಡಿಸುವುದಕ್ಕೆ ಪುಸ್ತಕದವರು ಆಗಲೇ ‘ಹೆಪ್ಪುಗಟ್ಟುವಿಕೆ’ ಎಂದು ಹೆಸರಿಟ್ಟುಬಿಟ್ಟಿದ್ದಾರೆ. ಅದು ಶುದ್ಧ ರಸಾಯನ, ಇದು ಜೀವಂತ ಸಂಸಾರ. ಎರಡಕ್ಕೂ ಒಂದೇ ಪದವಾದರೆ ಪರೀಕ್ಷೆಯಲ್ಲಿ ಮಕ್ಕಳು ಪಾಪ. ಈಗ ನನ್ನ ಮನಸ್ಸು ‘ಸಾಕಿದ ಕೆಸರು’ ಎಂಬಲ್ಲಿ ನಿಂತಿದೆ. ದನ ಸಾಕಿದ ಹಾಗೇ ಇದನ್ನೂ ಸಾಕಬೇಕು. ಮೇವು ಅಂದರೆ ಕೊಳಚೆ, ಜೊತೆಗೆ ಗಾಳಿ. ಮಂದೆ ಜಾಸ್ತಿಯಾದರೆ ಒಂದಷ್ಟು ಹೊರಗೆ ಹಾಕಬೇಕು.

ಉಳಿದ ಪದಗಳಿಗೆ ನಮ್ಮ ಅಡುಗೆಮನೆ ಸಾಕು. ಮೇಲೆ ನಿಲ್ಲುವುದು ತಿಳಿ. ಕೆಳಗೆ ಕೂರುವುದು ಗಸಿ. ಕಲಕಿದ ನೀರು ಬಗ್ಗಡ, ನಮ್ಮ ಕಡೆ ರಾಡಿ. ತಿಳಿಗೆ ‘ಅಧಿಪ್ಲವ’ದಂಥ ಪದ ಯಾರಾದರೂ ತಂದರೆ ನನ್ನ ವಿಳಾಸ ಕೊಡಿ. ಸಾಧ್ಯವಾದರೆ ತರಗತಿಯಲ್ಲೇ ಒಂದು ಲೀಟರಿನ ಉದ್ದನೆ ಜಾಡಿಯಲ್ಲಿ ಘಟಕದ ಕಲಕಿದ ನೀರು ತುಂಬಿ ಅರ್ಧ ಗಂಟೆ ಬಿಡಿ. ಗಸಿ 250 ಮಿಲಿಲೀಟರ್ ಗೆರೆಗೆ ಇಳಿಯಿತು, ಒಣಗಿಸಿ ತೂಗಿದರೆ ಅದರಲ್ಲಿ ಎರಡೂವರೆ ಗ್ರಾಂ ಕೆಸರಿದೆ ಅಂದುಕೊಳ್ಳಿ. ಭಾಗಿಸಿದರೆ 100. ‘ಎಸ್‌ವಿಐ’ ಅಂತ ದೊಡ್ಡದಾಗಿ ಬರೆಯುವುದು ಇದನ್ನೇ. ಒಂದು ಗ್ರಾಂ ಕೆಸರು ಎಷ್ಟು ಜಾಗ ಹಿಡಿಯುತ್ತದೆ ಎಂದರ್ಥ. 100ರ ಆಸುಪಾಸು ಚೆನ್ನ. 150 ದಾಟಿದರೆ ಕೆಸರು ಹತ್ತಿಯಂತೆ ಉಬ್ಬಿದೆ, ಕೆಳಗೆ ಕೂರಲು ಒಲ್ಲೆ ಅನ್ನುತ್ತಿದೆ ಅಂತ. (ಕೈಗವಸು ಹಾಕಿಕೊಳ್ಳದೆ ಮುಟ್ಟಲು ಬಿಡಬೇಡಿ.)

ಹತ್ತಿ ಅಂದಾಗ ನೆನಪಾಯಿತು. ದಾವಣಗೆರೆಯನ್ನು ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಆ ಮ್ಯಾಂಚೆಸ್ಟರ್‌ಗೆ ಈ ಕೆಸರಿನಲ್ಲೂ ಹೆಸರಿದೆ ಎಂದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲೆ. ಆರ್ಡರ್ನ್, ಲಾಕೆಟ್ ಇಬ್ಬರಿಗೂ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿಗೇ ಬಂದರು, ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರೊಫೆಸರ್ ಆಗಿ. ಮಕ್ಕಳಿಗೆ ಇದನ್ನೂ ಹೇಳಿ.

ಪ್ರಶ್ನೆ: ಅಕ್ಕಾ, ಮನೆಗೆ ಬಂದ ಒಬ್ಬ ಸೇಲ್ಸ್‌ಮನ್ ನಮ್ಮ ನಲ್ಲಿ ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಕೊಟ್ಟ. ನೀರು ಕಂದಾಗಿ ಕೊಳೆಯೆಲ್ಲ ಮೇಲೆ ಬಂತು. ಅವನ ಫಿಲ್ಟರಿನ ನೀರು ಮಾತ್ರ ಹಾಗೇ ಇತ್ತು. ಟಿಡಿಎಸ್ 310 ಇದೆ, ವಿಷ ಅಂತಾನೆ. ನಿಜವಾ?
— ಪಿ.ಜೆ. ಬಡಾವಣೆ, ದಾವಣಗೆರೆ

ಆ ಕೊಳೆ ನಿಮ್ಮ ನೀರಿನದಲ್ಲ, ಅವನ ಕಡ್ಡಿಯದು. ಕಬ್ಬಿಣದ ಕಡ್ಡಿಗೆ ಕರೆಂಟ್ ಹರಿಸಿದರೆ ಕಬ್ಬಿಣ ಕರಗಿ ತುಕ್ಕಿನ ಬಣ್ಣ ಬರುತ್ತದೆ. ಕರೆಂಟ್ ಹರಿಯಲು ನೀರಿನಲ್ಲಿ ಲವಣ ಇರಬೇಕು. ಆರ್‌ಒ ನೀರಿನಲ್ಲಿ ಲವಣ ಇಲ್ಲದಷ್ಟು ಕಡಿಮೆ, ಅದಕ್ಕೇ ಅದು ಸುಮ್ನೆ ಕೂತಿತು. ಮುಂದಿನ ಸಲ ಅವನು ಬಂದರೆ ಅವನ ಗ್ಲಾಸಿಗೂ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ‘ಈಗ ತೋರಿಸಪ್ಪ’ ಅನ್ನಿ. ನಮ್ಮ ಬೀದಿಯಲ್ಲಿ ನಾನು ಹಾಗೆ ಮಾಡಿದೆ. ಹುಡುಗ ಚಹಾ ಕೂಡ ಕುಡಿಯದೆ ಎದ್ದುಹೋದ.

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ತೂಕ. ನಮ್ಮ ಕುಡಿಯುವ ನೀರಿನ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿತ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. 310 ಚೆನ್ನಾಗಿಯೇ ಇದೆ. ಆ ಪೆನ್ನಿನಂಥ ಮೀಟರು ತೂಗುವುದೂ ಇಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ. ಕರಗಿದ್ದು ಒಳ್ಳೆ ಸುಣ್ಣವೋ ಕೆಟ್ಟ ಫ್ಲೋರೈಡೋ ಅದಕ್ಕೆ ಗೊತ್ತಾಗದು. ರೋಗಾಣು ಅಂತೂ ಅದರ ಕಣ್ಣಿಗೇ ಬೀಳುವುದಿಲ್ಲ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ 2.4 ಮಿ.ಗ್ರಾಂ/ಲೀ. ಎಂದು ಬಂದಿದೆ. ಕಾಯಿಸಿ ಕುಡಿದರೆ ಆಗುತ್ತಾ ಅಮ್ಮಾ? ಮಗಳಿಗೆ ಆರು ವರ್ಷ.
— ಮೊಳಕಾಲ್ಮೂರು ತಾಲ್ಲೂಕು

ಕಾಯಿಸಬೇಡ ತಾಯಿ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಸಾರು ಬತ್ತಿಸಿದರೆ ಉಪ್ಪಾಗುವುದಿಲ್ಲವೇ, ಹಾಗೆ. ಒಂದು ಲೀಟರಿಗೆ ಒಂದು ಮಿಲಿಗ್ರಾಂ ಅಂದರೆ ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕಿಗೆ ಒಂದು ಗ್ರಾಂ. ಅಷ್ಟು ಕಡಿಮೆಯಾದರೂ ಎಳೆ ಹಲ್ಲಿಗೆ ಅದು ಲೆಕ್ಕಕ್ಕೆ ಬರುತ್ತದೆ. ಒಪ್ಪಿತ ಮಿತಿ 1, ಗತಿಯಿಲ್ಲದಿದ್ದರೆ 1.5. ನಿಮ್ಮದು ಅದನ್ನೂ ದಾಟಿದೆ. ಒಳಗೆ ಬೆಳೆಯುತ್ತಿರುವ ಹಲ್ಲುಗಳಿಗೆ ಕಲೆ ಕೂರುವ ವಯಸ್ಸು ಇದು. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೂಳೆಗೂ ಕೇಡು.

ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಅದರ ನೀರನ್ನೇ ತನ್ನಿ. ಆದರೆ ಘಟಕ ಇದೆ ಎಂದ ಮಾತ್ರಕ್ಕೆ ನಂಬಬೇಡಿ. ಆರು ತಿಂಗಳಿಗೊಮ್ಮೆ ಅದರಿಂದ ಹೊರಬರುವ ನೀರಿನ ಫ್ಲೋರೈಡನ್ನೇ ಪರೀಕ್ಷೆ ಮಾಡಿಸಲು ಪಂಚಾಯ್ತಿಯಲ್ಲಿ ಕೇಳಿ. ಟಿಡಿಎಸ್ ಪೆನ್ನು ಸಾಲದು. ಎಲ್ಲರೂ ಮರೆಯುವ ಒಂದು ವಿಷಯ ಇದೆ. ಕುಡಿಯುವುದಕ್ಕೆ ಘಟಕದ ನೀರು, ಮುದ್ದೆ ತಿರುವಲು, ಅನ್ನ ಬೇಯಿಸಲು ಬೋರಿನ ನೀರು ಎಂದು ಮಾಡುತ್ತಾರೆ. ಅಡುಗೆಗೂ ಒಳ್ಳೆ ನೀರೇ ಬೇಕು. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ಧಾರಾಳವಾಗಿ ಬಳಸಿ. ಮಳೆ ಬಂದಾಗ ಮಾಳಿಗೆ ನೀರು ಶುಚಿಯಾಗಿ ಹಿಡಿದಿಟ್ಟರೆ ಅದರಲ್ಲಿ ಫ್ಲೋರೈಡ್ ಇರುವುದಿಲ್ಲ. ಆ ನೀರನ್ನು ಮಾತ್ರ ಕಾಯಿಸಿಯೇ ಕುಡಿಯಿರಿ. ಸುಣ್ಣ, ಪಟಿಕ ಹಾಕಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನ ಎಂದೊಂದಿದೆ, ನಾಗಪುರದ ನೀರಿ ಸಂಸ್ಥೆಯವರು ರೂಪಿಸಿದ್ದು. ಅಳತೆ ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಮನೆಯಲ್ಲಿ ಅಂದಾಜಿಗೆ ಮಾಡಬೇಡಿ.

ಪ್ರಶ್ನೆ: ರಿಪೋರ್ಟಿನಲ್ಲಿ ಸೀಸದ ಎದುರು ‘ಬಿಡಿಎಲ್’ ಎಂದಿದೆ. ನಮ್ಮ ಯಜಮಾನರು ಯಾವುದೋ ಕಾಯಿಲೆ ಅಂದುಕೊಂಡು ಊಟ ಬಿಟ್ಟಿದ್ದಾರೆ.
— ಹರಿಹರ

ಮೊದಲು ಊಟ ಹಾಕಿ. ಬಿಡಿಎಲ್ ಅಂದರೆ ‘ಬಿಲೋ ಡಿಟೆಕ್ಷನ್ ಲಿಮಿಟ್’, ಲ್ಯಾಬಿನ ಯಂತ್ರ ಕಾಣಬಲ್ಲಷ್ಟು ಸೀಸ ನೀರಿನಲ್ಲಿಲ್ಲ ಎಂದಷ್ಟೇ ಅರ್ಥ. ಸೊನ್ನೆ ಎಂದಲ್ಲ. ತರಕಾರಿ ಅಂಗಡಿಯ ತಕ್ಕಡಿಗೆ ಒಂದು ಸಾಸಿವೆ ಕಾಳು ಹಾಕಿದರೆ ಮುಳ್ಳು ಅಲ್ಲಾಡುವುದಿಲ್ಲ, ಅಕ್ಕಸಾಲಿಗರ ತಕ್ಕಡಿಯಲ್ಲಿ ಅಲ್ಲಾಡುತ್ತದೆ. ಯಾವ ತಕ್ಕಡಿ ಎಂದು ಕೇಳಿ. ಯಂತ್ರದ ಮಿತಿ ಎಷ್ಟು ಎಂದು ಒಳ್ಳೆ ಲ್ಯಾಬಿನವರು ಪಕ್ಕದಲ್ಲೇ ಬರೆದಿರುತ್ತಾರೆ. ಸೀಸಕ್ಕೆ ನಮ್ಮ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಯಂತ್ರ ಅದಕ್ಕಿಂತ ಸಣ್ಣದನ್ನು ಕಾಣುವಂತಿದ್ದರೆ ಚಿಂತೆ ಇಲ್ಲ.

ಪ್ರಶ್ನೆ: ಟಿವಿಯಲ್ಲಿ ಟಿಎಂಸಿ, ನಾಲೆ ಆಫೀಸಿನಲ್ಲಿ ಕ್ಯೂಸೆಕ್, ಊರಿನ ನೀರಿನ ಘಟಕದ ಬೋರ್ಡಿನಲ್ಲಿ ಎಂಎಲ್‌ಡಿ. ಒಂದೇ ನೀರಿಗೆ ಮೂರು ಹೆಸರು ಯಾಕಮ್ಮಾ?
— ಮಲೇಬೆನ್ನೂರು

ಯಜಮಾನರೇ, ಟಿಎಂಸಿ ಕಣಜ. ಕ್ಯೂಸೆಕ್ ಅಳೆದು ಕೊಡುವ ಸೇರು. ನೂರು ಕೋಟಿ ಘನ ಅಡಿ ನೀರು ಒಂದು ಟಿಎಂಸಿ, ಲೀಟರಿನಲ್ಲಿ ಸುಮಾರು 2,832 ಕೋಟಿ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್ ಹರಿದರೆ ಒಂದು ಕ್ಯೂಸೆಕ್. ನಿಮ್ಮ ನಾಲೆಯಲ್ಲಿ ಒಂದು ಕ್ಯೂಸೆಕ್ ಇಡೀ ದಿನ ಹರಿದರೆ ಇಪ್ಪತ್ತನಾಲ್ಕೂವರೆ ಲಕ್ಷ ಲೀಟರ್. ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಹಾಗಾಗಿ ಒಂದು ಕ್ಯೂಸೆಕ್‌ಗೆ ಎರಡೂವರೆ ಎಂಎಲ್‌ಡಿ ಎಂದು ಬಾಯಿಲೆಕ್ಕ ಇಟ್ಟುಕೊಳ್ಳಿ. ಕಣಜದಿಂದ ಒಂದು ಟಿಎಂಸಿ ಒಂದೇ ದಿನದಲ್ಲಿ ಇಳಿಯಬೇಕಾದರೆ 11,574 ಕ್ಯೂಸೆಕ್ ಬಿಡಬೇಕು.

ಚಹಾ ಅಂಗಡಿಯಲ್ಲಿ ಅಡಿ ಲೆಕ್ಕ ಮಾತಾಡುವಾಗ ಸ್ವಲ್ಪ ಹುಷಾರು. ಭದ್ರಾ ಡ್ಯಾಂ 186 ಅಡಿಗೆ ತುಂಬಿದರೆ 71.5 ಟಿಎಂಸಿ. ಆದರೆ ಮಟ್ಟ ಅರ್ಧಕ್ಕೆ ಇಳಿದರೆ ನೀರೂ ಅರ್ಧ ಉಳಿದಿದೆ ಎಂದಲ್ಲ. ಬಾಣಲೆಯ ಹಾಗೆ ಮೇಲೆ ಅಗಲ, ಕೆಳಗೆ ಕಿರಿದು. ಮೇಲಿನ ಒಂದು ಅಡಿಯಲ್ಲಿರುವ ನೀರು ತಳದ ಒಂದು ಅಡಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕೊನೆ ಭಾಗದ ನಾಲೆಗೆ ನೀರು ಯಾಕೆ ಬರುತ್ತಿಲ್ಲ ಎಂದೂ ಕೇಳಿದ್ದೀರಿ. ಅದು ಅಳತೆಯ ಪ್ರಶ್ನೆ ಅಲ್ಲ, ನನ್ನ ಸೀಸೆಯೊಳಗೆ ಹಿಡಿಸುವುದೂ ಇಲ್ಲ.

ಪ್ರಶ್ನೆ: ನಮ್ಮ ಕೋಟೆಯ ಹೊಂಡಗಳು ‘ಜಗತ್ತಿನ ಮೊದಲ ವಾಟರ್ ಟ್ರೀಟ್‌ಮೆಂಟ್ ಪ್ಲಾಂಟ್’ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಹೌದಾ ಮೇಡಂ?
— ಚಿತ್ರದುರ್ಗ

ಅಷ್ಟು ದೂರ ಹೋಗಬೇಡ ಮಗಾ. ಇದ್ದದ್ದನ್ನು ಇದ್ದಷ್ಟೇ ಹೇಳಿದರೂ ಹೆಮ್ಮೆಪಡುವಷ್ಟಿದೆ. ಬಂಡೆಗಳ ಮೇಲೆ ಬಿದ್ದ ಮಳೆ ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿ ಕೋಡಿ ಹರಿದರೆ ಅಕ್ಕ-ತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಇದು ಮಳೆನೀರು ಕೊಯ್ಲು. ಕೋಡಿಯಲ್ಲಿ ಹರಿಯುವುದು ಯಾವಾಗಲೂ ಮೇಲಿನ ನೀರು. ರಾಡಿ ಹಿಂದಿನ ಹೊಂಡದ ತಳದಲ್ಲೇ ಕೂರುತ್ತದೆ, ತಿಳಿ ಮುಂದೆ ಹೋಗುತ್ತದೆ. ಇವತ್ತಿನ ನೀರಿನ ಘಟಕದಲ್ಲಿ ತಂಗುತೊಟ್ಟಿ ಮಾಡುವ ಕೆಲಸದ ಮೊದಲ ಪಾಠ ಅದು. ಅಷ್ಟರಿಂದ ರೋಗಾಣು ಹೋಗುವುದಿಲ್ಲ. ಟ್ರೀಟ್‌ಮೆಂಟ್ ಎನ್ನಲು ರೋಗಾಣು ಹೋಗುವುದೂ ಬೇಕು.

ನಾನೂ ಒಮ್ಮೆ ಅಕ್ಕ-ತಂಗಿ ಹೊಂಡದ ಮೆಟ್ಟಿಲಿಳಿದು, ಗುಳ್ಳೆ ಬರದ ಹಾಗೆ ಬಿಒಡಿ ಸೀಸೆ ತುಂಬಿಕೊಂಡಿದ್ದೆ. ರಜಾದಿನ, ಜೊತೆಗೆ ಮಕ್ಕಳು, ಬುತ್ತಿ ಚೀಲ. ಕೋಟೆ ಇಳಿದು ಬಾಗಿಲ ಹತ್ತಿರ ಬರುವಷ್ಟರಲ್ಲಿ ಮುಚ್ಚಳ ಸಡಿಲಾಗಿ ಕಡಲೆಕಾಳಿನಷ್ಟು ಗುಳ್ಳೆ ಸೇರಿತ್ತು. ಅಲ್ಲೇ ಒಂದು ಬೇವಿನ ಗಿಡದ ಬುಡಕ್ಕೆ ಸುರಿದು ಬಂದೆ.